ಮುಖ್ಯವಾಗಿ ಒಣಹವೆ

ಏಳು ಗಂಟೆಯ ವಾರ್ತೆಯ ಬಾಲದಲ್ಲಿ
ಹವೆಗೆ ಹನ್ನೊಂದು ಸೆಕೆಂಡು.
ಹತ್ತೊಂಬತ್ತು ವರ್ಷದಿಂದ ಓದುತ್ತಿದ್ದೇನೆ,
ಕಾರ್ತೀಕ ಬಂದರೆ ಅದೇ ಸಾಲು:
ದಕ್ಷಿಣ ಒಳನಾಡಿನಲ್ಲಿ ಮುಖ್ಯವಾಗಿ ಒಣಹವೆ.
ಬೆಂಗಳೂರಿನಲ್ಲಿ ನಿರ್ಮಲ ಆಕಾಶ,
ಮುಂಜಾನೆ ಕೆಲವೆಡೆ ಮಂಜು ಮುಸುಕುವ ಸಾಧ್ಯತೆ.

ಸ್ಟುಡಿಯೋಗೆ ಕಿಟಕಿಯಿಲ್ಲ.
ಹವೆ ಓದುವವಳಿಗೆ ಹವೆ ಕಾಣದ ಹಾಗೆ
ಯೋಚಿಸಿಯೇ ಕಟ್ಟಿದ್ದಾರೆ.

ಮನೆಯಲ್ಲಿ ಮಾತ್ರ ಯಾರೂ ಓದಿ ಹೇಳಬೇಕಿಲ್ಲ.
ಕೊಬ್ಬರಿ ಎಣ್ಣೆ ಸೀಸೆಯ ಕುತ್ತಿಗೆಯವರೆಗೆ ಬೆಳ್ಳಗೆ ಹೆಪ್ಪುಗಟ್ಟಿದೆ;
ಆಷಾಢದಿಂದ ಉಬ್ಬಿಕೊಂಡಿದ್ದ ಬಚ್ಚಲ ಬಾಗಿಲು
ನಿನ್ನೆ ತಾನಾಗಿ ಚಿಲಕ ಹಾಕಿಸಿಕೊಂಡಿತು.
ಉಪ್ಪು ಉದುರುದುರು.
'ಪ' ಅನ್ನುವಾಗಲೆಲ್ಲ ತುಟಿ ಸೀಳುತ್ತದೆ
(ಪ್ರದೇಶ ಸಮಾಚಾರದಲ್ಲಿ ಎಷ್ಟೊಂದು ಪ!)

ಸ್ವಾತಿ ಸುರಿದು ಮುಗಿಸಿದಳು.
ವಿಶಾಖೆ ಮನಸ್ಸಿಲ್ಲದೆ ನಾಲ್ಕು ಹನಿ ಉದುರಿಸಿ ಹೋದಳು.
ಬಂಗಾಳ ಕೊಲ್ಲಿ ಈ ವಾರ ಸುಮ್ಮನಿದೆ.
ಐದೂವರೆಗೆ ನಾನು ಹೊರಡುವಾಗ
ನಿಂತ ಕಾರುಗಳ ನೆತ್ತಿಯ ಮೇಲೆಲ್ಲ ಆಕಾಶಮಲ್ಲಿಗೆ,
ಮಫ್ಲರಿನೊಳಗಿನ ವಾಚ್‌ಮನ್ನನ ಎರಡು ಕಣ್ಣು,
ಕೋಲಾರದ ಕಡೆಯಿಂದ ಬರುವ ಮೂಡಗಾಳಿ
ಕಿವಿಯ ಹಿಂದೆ ಒಂದು ತಣ್ಣನೆ ಬೆರಳಿಟ್ಟು
ನಾನು ನಿಜವೋ ಸುಳ್ಳೋ ಎಂದು ನೋಡುತ್ತದೆ.

ಒಮ್ಮೆ ಹೀಗೆಯೇ ನವೆಂಬರಿನಲ್ಲಿ
ಯಾವುದೋ ಉಪಚುನಾವಣೆ ಉದ್ದವಾಗಿ
ಹವೆ ಬಿಟ್ಟುಹೋಯಿತು.
ಡ್ಯೂಟಿ ರೂಮಿಗೆ ಫೋನು. ನನ್ನನ್ನೇ ಕೇಳಿದರಂತೆ.

"ಧೋಬಿಘಾಟಿಂದ ಮುನಿಯಲ್ಲಮ್ಮ ಮಾತಾಡೋದು.
ಯಾಕಮ್ಮ, ಇವತ್ತು ಒಣಹವೆ ಇಲ್ವಾ?"

ಇದೆಯಮ್ಮ, ಹೇಳೋಕೆ ಟೈಮ್ ಸಾಲಲಿಲ್ಲ.

"ಚೆನ್ನಾಗಿದೆ. ಇಲ್ಲಿ ನರ್ಸಿಂಗ್ ಹೋಮಿನ ನಲವತ್ತು ಬೆಡ್‌ಶೀಟು
ರಾತ್ರಿಯಿಂದ ನೆನೀತಾ ಬಿದ್ದಿದೆ.
ಹಿಂಡ್ಲಾ, ಬೇಡ್ವಾ?"

ಕೈಯಲ್ಲಿ ಇಲಾಖೆಯ ಕಾಗದವಿತ್ತು.
ಆದರೂ, ಒಂದು ನಿಮಿಷ ಅಂತ ರಿಸೀವರ್ ಮಲಗಿಸಿ,
ಹಿಂಬಾಗಿಲ ಮೆಟ್ಟಿಲಿಗೆ ಓಡಿ, ಕತ್ತೆತ್ತಿದೆ.
ಗಂಜಿ ಹಾಕಿ ಇಸ್ತ್ರಿ ಮಾಡಿದ ಹಾಗಿತ್ತು.
ಮರಳಿ ಬಂದು ಹೇಳಿದೆ: ಹಿಂಡಿ.

"ಅದೇನಮ್ಮ ದಿನಾ 'ಮುಖ್ಯವಾಗಿ' ಅಂತೀಯ?
ಒಣ ಅಂದ್ರೆ ಒಣ, ಒದ್ದೆ ಅಂದ್ರೆ ಒದ್ದೆ.
ಒಂದು ಬಾಗಿಲು ಯಾಕೆ ತೆಗೆದಿಟ್ಟು ಮಾತಾಡ್ತೀಯ?"

ಅದು ನನ್ನ ಮಾತಲ್ಲಮ್ಮ, ಅವರು ಬರೆದುಕೊಟ್ಟದ್ದು ಎನ್ನುವಷ್ಟರಲ್ಲಿ
ಫೋನು ಇಟ್ಟಾಗಿತ್ತು.

ಅವತ್ತು ಮಧ್ಯಾಹ್ನ ನಿದ್ದೆ ಬರಲಿಲ್ಲ.
ಮೂರೂವರೆಗೆ ಯಶವಂತಪುರದ ಆಚೆಯಿಂದ
ಕರವಸ್ತ್ರದಷ್ಟು ಒಂದು ಮೋಡ
ದಾರಿ ಕೇಳಿಕೊಂಡು ಬರುವವನಂತೆ ಬಂತು.
ತಾರಸಿಯ ಮೇಲೆ ನಾನು,
ಸೆರಗು ಬಿಗಿದು,
ನಲವತ್ತು ಬಿಳಿ ಬಟ್ಟೆಗೆ ಕಾವಲು ನಿಂತವಳ ಹಾಗೆ;
ಒಂದೊಂದರ ಮೇಲೂ ಯಾರೋ ಮಲಗಬೇಕು ಇವತ್ತು ರಾತ್ರಿ,
ಹೊಲಿಗೆ ಹಾಕಿಸಿಕೊಂಡ ಹೊಟ್ಟೆ, ಹೆತ್ತು ಹಗುರಾದ ಸೊಂಟ,
ಜ್ವರ ಇಳಿಯುತ್ತಿರುವ ಮಗು.
ಹೋಗು, ಅಂದೆ ಮೋಡಕ್ಕೆ, ರೇಡಿಯೋ ದನಿಯಲ್ಲಿ.
ನಮ್ಮ ಬೀದಿಗೆ ಒಂದು ಹನಿ ಬೀಳಲಿಲ್ಲ.
ಮಲ್ಲೇಶ್ವರದ್ದು ನನಗೆ ಗೊತ್ತಿಲ್ಲ.

ಮುನಿಯಲ್ಲಮ್ಮ ಮತ್ತೆ ಫೋನು ಮಾಡಲಿಲ್ಲ.
ಒಣಗಿತೆಂದೋ,
ನಂಬಿಕೆ ನೆನೆಯಿತೆಂದೋ.

ಅಂದಿನಿಂದ ಐದು ನಿಮಿಷ ಮೊದಲೇ ಬರುತ್ತೇನೆ.
ಹಿಂಬಾಗಿಲ ಮೆಟ್ಟಿಲು, ತಣ್ಣನೆ ಕಬ್ಬಿಣದ ಕಂಬಿ,
ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದರೆ
ಮೂಡಲಿನ ಮಗ್ಗುಲು ಮೊದಲು ಆರುತ್ತದೆ.
ಆಮೇಲೆ ಒಳಗೆ.

ಇವತ್ತಿನ ಕಾಗದ: ಕನಿಷ್ಠ ಉಷ್ಣಾಂಶ ಹದಿನೈದು.
ಓದಿದೆ. 'ಮುಖ್ಯವಾಗಿ' ಎಂಬಲ್ಲಿ
ಸ್ವಲ್ಪ ತಡೆದೆ;
ಎಡಿಟರು ಗಾಜಿನಾಚೆ ಗಡಿಯಾರ ತೋರಿಸಿದ.

ಕೆಂಪು ದೀಪ ಆರಿತು.
ಮೈಕು ಸತ್ತಿದೆಯೆಂದು ಖಾತ್ರಿಯಾದ ಮೇಲೆ,
ಒಡೆದ ತುಟಿಯಿಂದ, ಮೆಲ್ಲಗೆ:
ಹಿಂಡಿ.