ನಿವ್ವಳ ತೂಕ

ಸಿದ್ದಾಪುರದ ಸಂತೆ ಬೀದಿಯ ಹಿಂದೆ
ಕರಿಮೆಣಸಿನ ಗೋದಾಮು.
ಇಪ್ಪತ್ತೆರಡು ವರ್ಷದಿಂದ ತಕ್ಕಡಿಯ ಮುಂದೆ ನಾನು,
ಹದಿನೇಳು ವರ್ಷದಿಂದ ತಕ್ಕಡಿಯ ಮೇಲೆ ಅವನು.
ತೂಕದಕ್ಕ ಅಂತಲೇ ಊರು ನನ್ನನ್ನು ಕರೆಯುವುದು.
ಅವನನ್ನು ಎಬ್ಬಿಸುವ ತನಕ
ಯಾವ ತೋಟದ ಸಾಹುಕಾರನ ಮೆಣಸಾದರೂ
ಜೀಪಿನಲ್ಲೇ ಕಾಯಬೇಕು.

ಬಂದಾಗ ಎಷ್ಟು ಕಪ್ಪಗಿದ್ದನೆಂದರೆ
ಮೆಣಸಿನ ರಾಶಿಯಲ್ಲಿ ಮಲಗಿದರೆ
ಕಣ್ಣು ತೆರೆದಾಗಲೇ ಗೊತ್ತಾಗುವುದು.
ಕಾಚಂಪುಳಿ ಅಂತ ಹೆಸರಿಟ್ಟೆ.
ಕಾಚಂಪುಳಿ ಹಳತಾದಷ್ಟೂ ಕಪ್ಪು,
ಶೀಶೆಯ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ, ಕೆಡುವುದಿಲ್ಲ.
ಇವನದು ಉಲ್ಟಾ.
ಬಿಸಿಲಿಗೆ ಬಂದರೆ ಈಗ
ಬೆನ್ನೆಲ್ಲ ತುಕ್ಕಿನ ಬಣ್ಣ,
ಮಳೆಗಾಲ ಕಂಡ ಗೇಟಿನ ಹಾಗೆ.

ಪ್ರತಿ ಸೋಮವಾರ, ಮೊದಲ ಲಾರಿ ಬರುವ ಮುಂಚೆ,
ಅವನನ್ನು ತೂಗಿ
ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ ಬರೆಯುತ್ತೇನೆ.
ಐದು ಕಿಲೋ ನೂರು. ಅದು ಗತ್ತಿನ ಕಾಲ,
ನಾಯಿಗಳು ರಸ್ತೆ ಬದಲಿಸುತ್ತಿದ್ದವು.
ನಾಲ್ಕು ಕಿಲೋ.
ಮೂರು ಮುಕ್ಕಾಲು.
ಮೂರು ಕಿಲೋ ಇನ್ನೂರು.
ಮೂತ್ರಪಿಂಡ, ಅಂದರು ಡಾಕ್ಟರ್ ದೇಚಮ್ಮ.
ಅಷ್ಟು ಸಣ್ಣ ಮೈಯೊಳಗೆ
ಅಷ್ಟು ದೊಡ್ಡ ಪದ.

ಉಪ್ಪು ಬೇಡ, ಮೀನು ಬೇಡ, ಎತ್ತರ ಹತ್ತಲು ಬಿಡಬೇಡಿ.
ಅವನಿಗೆ ಯಾರೂ ಹೇಳಿರಲಿಲ್ಲವೋ ಏನೋ.
ಕುರ್ಚಿ ಹತ್ತಲು ನನ್ನ ಮೊಣಕಾಲನ್ನು ಮೆಟ್ಟಿಲು ಮಾಡಿಕೊಳ್ಳುವವನು
ಅದೇ ವಾರ
ಹದಿಮೂರು ಚೀಲದ ಅಟ್ಟಿಯ ತುದಿಯಲ್ಲಿ ಸಿಕ್ಕ,
ಬಾಯಲ್ಲಿ ಔಕ್ಕರನ ಬುತ್ತಿಯ ಬಂಗುಡೆ.
ಹೇಗೆ ಹತ್ತಿದನೋ, ಯಾರೂ ಕಾಣಲಿಲ್ಲ.
ಇಳಿಸಲು ಮಾತ್ರ ನಾಲ್ಕು ಜನ, ಒಂದು ಏಣಿ,
ಮೇಲಿನಿಂದ ನಮ್ಮ ವಂಶಕ್ಕೆಲ್ಲ ಬೈಗುಳ.

ರಾತ್ರಿ ಎರಡಕ್ಕೆ ಬಚ್ಚಲ ಗೋಡೆಯ ಜೊತೆ ಜಗಳ.
ಉಂಡದ್ದು ಮರೆತು ಮತ್ತೆ ಬಟ್ಟಲ ಮುಂದೆ ಕೂತು
ಕೆಮ್ಮುತ್ತಾನೆ,
ಹೋಟೆಲಿನಲ್ಲಿ ಸಪ್ಲೈಯರನ್ನು ಕರೆಯುವ ಹಾಗೆ.
ಕಿವಿ ಹೋಗಿದೆ ಅಂತ ನಂಬಿದ್ದೆ.
ಲಾರಿ ಹಾರ್ನಿಗೂ ಮಿಸುಕದವನು
ಮೊಸರಿನ ಪ್ಯಾಕೆಟ್ಟಿಗೆ ಕತ್ತರಿ ತಾಗಿದರೆ
ಎರಡು ಕೋಣೆ ದಾಟಿ ಹಾಜರು.
ಇಲಿ ಬಂತು ಒಮ್ಮೆ. ನೋಡಿದ.
ಅದೂ ನೋಡಿತು.
ಸಾಲ ಕೊಟ್ಟವನೂ ತಗೊಂಡವನೂ
ಬಸ್‌ಸ್ಟ್ಯಾಂಡಿನಲ್ಲಿ ಎದುರಾದ ಹಾಗೆ
ಇಬ್ಬರೂ ಮುಖ ತಿರುಗಿಸಿದರು.

ಮಧ್ಯಾಹ್ನ ತೀರಾ ಅಲುಗಾಡದೆ ಮಲಗಿದ್ದರೆ
ಬಗ್ಗಿ, ಹೊಟ್ಟೆ ಏಳುತ್ತಿದೆಯೇ ನೋಡುತ್ತೇನೆ.
ಒಂದೇ ಕಣ್ಣು ತೆರೆಯುತ್ತಾನೆ:
ಏನು, ನೀನಿನ್ನೂ ಇದ್ದೀಯಾ?

ಹುತ್ತರಿ ಕಳೆದ ಸೋಮವಾರ
ತಕ್ಕಡಿಯ ಮುಳ್ಳು ಮೂರು ಕಿಲೋ ಆರುನೂರಕ್ಕೆ ನಿಂತಿತು.
ಕನ್ನಡಕ ಒರೆಸಿ ಮತ್ತೆ ನೋಡಿದೆ.
ನಾನೂರು ಗ್ರಾಂ ಏರಿದ್ದಾನೆ!
ದೇಚಮ್ಮನಿಗೆ ಫೋನು ಮಾಡಬೇಕು ಅನ್ನುವಷ್ಟರಲ್ಲಿ
ತಟ್ಟೆಯ ಆಚೆ ಅಂಚಿನಲ್ಲಿ
ಔಕ್ಕರನ ಹೆಬ್ಬೆರಳು ಕಂಡಿತು.

ಈ ಹೆಬ್ಬೆರಳುಗಳನ್ನು ಕಾಯುತ್ತಲೇ ನನ್ನ ತಲೆ ನರೆಯಿತು.
ದಲ್ಲಾಳಿಗಳದು, ಲಾರಿಯವರದು, ಒಮ್ಮೆ ಸ್ವಂತ ಭಾವನದು,
ಎಲ್ಲವನ್ನೂ ಹಿಡಿದಿದ್ದೇನೆ,
ಹೆಸರು ಕೂಗಿ, ಜನರ ಮುಂದೆ.
ಔಕ್ಕರ ಛಾವಣಿ ನೋಡುತ್ತಿದ್ದ,
ಶೀಟಿನಲ್ಲಿ ತೂತು ಹುಡುಕುವವನಂತೆ.

ಪೆನ್ನು ತೆಗೆದು ಬರೆದೆ:
ಮೂರು ಕಿಲೋ ಆರುನೂರು.
ಚೀಲ ಕಳೆದು, ತೇವ ಕಳೆದು, ನಿವ್ವಳ.
ಕೆಳಗೆ ಸಹಿಯನ್ನೂ ಹಾಕಿದೆ.

ಕಾಚಂಪುಳಿ ಇಳಿಯಲಿಲ್ಲ.
ರಿಜಿಸ್ಟರಿನ ಮೇಲೆ ಒಂದು ಕಾಲಿಟ್ಟು
ಒಣಗದ ಶಾಯಿಯನ್ನು ಮೂಸಿದ,
ಗೂಟಕ್ಕೆ ತೂಗುಹಾಕಿದ್ದ ಔಕ್ಕರನ ಬುತ್ತಿ ಚೀಲ ನೋಡಿದ,
ಕೆಮ್ಮಿದ.