ಒಡೀಲೇನು?

ಬೆಟಗೇರ್ಯಾಗ ಎಲ್ಲಾ ಮಗ್ಗ ನಿಂತ ಮ್ಯಾಲೆ
ರಾತ್ರಿ ಎರಡಕ್ಕ, ಕೌದಿ ಒಳಗ ಮಾರಿ ಹುದುಗಿಸಿ,
ಎದಿಯಾಗಿನ ಗಂಟಿನ ಬಗ್ಗೆ
ಫೋನಿಗೆ ಕೇಳಿದ್ದೆ.
ನಮ್ಮನಿಯವರಿಗೆ ಹೇಳಿದ್ದಿಲ್ಲ.

ತಿಂಗಳ ರೊಕ್ಕಕ್ಕ ಬಂದ ನೆಟ್ಟಿನ ಫಕ್ಕೀರೇಶ
ಚಿಲ್ಲರೆ ಎಣಿಸೋದು ಬಿಟ್ಟು ಅಂದ:
"ಅಕ್ಕಾರ, ಆರಾಮ ಅದೀರಿಲ್ಲ?"

ನಾ ಅವನ ಮಾರಿ ನೋಡಿದೆ. ಅಂವ ನೆಲಾ ನೋಡಿದ.
"ಒಳಗಿಂದು ಏನೂ ಕಾಣಂಗಿಲ್ರಿ.
ಯಾರು ಯಾವ ಬಾಗಲಾ ಬಡದ್ರು, ಅಷ್ಟ."

ನಮ್ಮ ಆಯಿಗೆ ಓದಾಕ ಬರತಿದ್ದಿಲ್ಲ.
ಟಪಾಲಿನ ದ್ಯಾಮಣ್ಣ ಕಟ್ಟಿ ಮ್ಯಾಲೆ ಕುಂತು
ಪ್ರತಿ ಸರತಿ ಕೇಳತಿದ್ದ:
"ಒಡೀಲೇನವ್ವಾ?"
ಆಕಿ ಸೆರಗಿಲೆ ಕೈ ಒರಸಿಕೊಂಡು
ಹೂಂ ಅನ್ನೂತನಾ
ಪತ್ರ ಅವನ ತೊಡಿ ಮ್ಯಾಲೆ
ಹಂಗ ಇರತಿತ್ತು.

ಫಕ್ಕೀರೇಶ ಪಾವತಿ ಹರಿದು ಕೊಟ್ಟ.
ಹೋಗೂ ಮುಂದ ಸಣ್ಣಗ ಅಂದ:
"ಹುಬ್ಬಳ್ಳ್ಯಾಗ ತೋರಸ್ರಿ.
ನಮ್ಮವ್ವಂದೂ ಹಂಗ ಇತ್ತು."