ಬಹುದು

ಈ ಊರಿನ ಹೆಸರು ಹಲ್.
ಹದಿನಾರು ವರ್ಷವಾದರೂ ಒಬ್ಬಳೇ ನಗುತ್ತೇನೆ,
ಏಕೆಂದರೆ ನನ್ನ ಕೆಲಸ ಹಲ್ಲಿನದೇ:
ನಲವತ್ತೆಂಟು ಪುಟದ ಕಬ್ಬಿಣದ ಕಡಲೆಯನ್ನು
ರಾತ್ರಿ ನೆನೆಹಾಕಿ, ಬೆಳಗ್ಗೆ ಬೇಯಿಸಿ,
ಎರಡೇ ಪುಟದಲ್ಲಿ ಬಡಿಸುವುದು.

ತಿಂಗಳಿಗೊಂದು ಮಂಗಳವಾರ
ಲೈಬ್ರರಿಯ ಮೇಲ್ಮಹಡಿಗೆ ಆರು ಜನ ಬರುತ್ತಾರೆ
ರುಚಿ ನೋಡಲು. ಡಾಕ್ಟರುಗಳಲ್ಲ.
ಬಸ್ಸು ಓಡಿಸಿದವರು, ಶಾಲೆಯಲ್ಲಿ ಊಟ ಬಡಿಸಿದವರು,
ಮೂತ್ರಪಿಂಡ ಕೈಕೊಟ್ಟವರು,
ಕೈಕೊಟ್ಟವರ ಕೈ ಹಿಡಿದು ಕೂತವರು.

ಕಿಟಕಿಯ ಪಕ್ಕದ ಕುರ್ಚಿ ವಿನಿಫ್ರೆಡ್ ಗಾರ್ಬಟ್‌ರದ್ದು.
ಬಂದರಿನಲ್ಲಿ ಮೂವತ್ತು ವರ್ಷ ಮೀನು ಸೀಳಿದ ಬೆರಳು,
ಮಂಜುಗಡ್ಡೆಗೆ ಸೊಟ್ಟಗಾದದ್ದು,
ಅದರೊಳಗೆ ಒಂದು ಮೋಟು ಪೆನ್ಸಿಲ್.

‘ಸಾಂಖ್ಯಿಕವಾಗಿ ಗಣನೀಯ’ –
ಇದು ಯಾರ ಮನೆ ಮಾತು?
ಬರೀ ಅದೃಷ್ಟದ ಆಟವಿರಲಾರದು ಅಂತ ಅರ್ಥ, ಅಂದೆ.
ಹಾಗೇ ಬರಿ ಮತ್ತೆ.
ಗೀಟು ಎಳೆದರು, ಹಾಳೆ ಹರಿಯುವಷ್ಟು.

ಇವತ್ತಿನ ಸಾಲಿನ ಬಗ್ಗೆ ನನಗೆ ಹೆಮ್ಮೆಯಿತ್ತು:
ಈ ಮಾತ್ರೆ ಮೂತ್ರಪಿಂಡವನ್ನು ಕಾಪಾಡುತ್ತದೆ.
ನಾಲ್ಕೇ ಪದ. ಒಂದು ಕಲ್ಲೂ ಸಿಗದ ಅನ್ನ.
ಐದು ತಲೆಗಳು ಆಡಿದವು.

ವಿನಿಫ್ರೆಡ್ ಕನ್ನಡಕ ತೆಗೆದರು.
ಆ ದಪ್ಪದ್ದರಲ್ಲೂ ಹೀಗೇ ಇದೆಯಾ?
ಪುಟ ತಿರುವಿದೆ, ಗೊತ್ತಿದ್ದೂ, ಹುಡುಕುವವಳಂತೆ.
ಇತ್ತು, ಮೂವತ್ತೊಂದರಲ್ಲಿ:
ಕಾಪಾಡಬಹುದೆಂದು ತೋರುತ್ತದೆ,
ಕೆಲವರಲ್ಲಿ,
ಎರಡು ವರ್ಷದ ಮಟ್ಟಿಗೆ.

ಮುಳ್ಳು ತೆಗಿ ಅಂದೆವು, ಮಗಳೇ,
ಮುಳ್ಳಿನ ಜೊತೆ ಮೀನನ್ನೇ ಎಸೆದೆಯಲ್ಲ.

ಆಮೇಲೆ, ಯಾರೂ ಕೇಳದೆ:
ನನ್ನ ಆಲ್ಬನ್‌ಗೆ ಯಾರೋ ‘ಆಗುತ್ತದೆ’ ಅಂದರು.
ವಸಂತಕ್ಕೆಂದು ಬಿತ್ತನೆಯ ಆಲೂಗಡ್ಡೆ ತಂದಿಟ್ಟ, ಎರಡು ಟ್ರೇ.
ಶೆಡ್ಡಿನ ಕತ್ತಲಲ್ಲಿ ಅವು ತಾವೇ ಮೊಳೆತವು.

ಹೊರಗೆ ಹಂಬರ್ ನದಿ, ಕಂದು ಟೀಯ ಹಾಗೆ.
ಕೆಳಗೆ ಯಾರೋ ಮಗುವಿಗೆ ಕತೆ ಓದುತ್ತಿದ್ದರು.

ಇಂಗ್ಲಿಷಿನಲ್ಲಿ ಆ ಪುಟ್ಟ ಪದ ಬೇರೆಯೇ ನಿಲ್ಲುತ್ತದೆ,
ಗಾಳಿಗೆ ಕಾಲರ್ ಎತ್ತಿ ಬಸ್ಸು ಕಾಯುವವರ ಹಾಗೆ;
ಬಿಟ್ಟು ಹೊರಟರೂ ಬಸ್ಸಿನಲ್ಲಿದ್ದವರಿಗೆ ತಿಳಿಯದು.
ನನ್ನ ನುಡಿಯಲ್ಲಿ ಅದು ಕ್ರಿಯಾಪದದ ಸೊಂಟದ ಕೂಸು,
ಕಿತ್ತರೆ ತಾಯಿ ಕೂಗುತ್ತಾಳೆ.
ಆಗಬಹುದು. ಉಳಿಯಬಹುದು. ಇರಲಿಕ್ಕೂ ಇಲ್ಲ.
ಆ ಕೂಗು ಕೇಳುತ್ತ ಬೆಳೆದವಳು
ಇಲ್ಲಿ ಹೇಗೆ ಕಿವುಡಿಯಾದೆ?

ಮತ್ತೆ ಬರೆದೆ, ಅವರೆದುರಿಗೇ:
ಈ ಮಾತ್ರೆ ಕೆಲವರ ಮೂತ್ರಪಿಂಡವನ್ನು
ಎರಡು ವರ್ಷ ಕಾಪಾಡಬಹುದು.
ಯಾರನ್ನು ಎಂದು ನಮಗಿನ್ನೂ ಗೊತ್ತಿಲ್ಲ.

ಕೊನೆಯ ಸಾಲನ್ನು ಅವರು ತುಟಿಯಾಡಿಸಿ
ಎರಡು ಸಲ ಓದಿದರು.
ಏನೂ ಅನ್ನಲಿಲ್ಲ.
ಬಿಸ್ಕತ್ತನ್ನು ಟೀಗದ್ದಿ, ಪುಟ ತಿರುಗಿಸಿದರು.
ಅಲ್ಲಿ ಇನ್ನೂ ಏಳು ಕಡೆ
ಪೆನ್ಸಿಲ್ಲಿನ ಗೀಟು.